ಆರೋಗ್ಯವಾಗಿದ್ದರೂ ಎಚ್‌ಪಿವಿ ಬರುತ್ತಾ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ – ಯಾವ ಬಸ್ಸು ಹತ್ತಿದರೂ ಸರಿ, ಅಲ್ಲಿ ಕೂತ ಆರೋಗ್ಯವಂತ ಹೆಂಗಸರಲ್ಲೇ ಕೆಲವರಿಗೆ ಈಗ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಸೋಂಕು ಇರಬಹುದು. ಜ್ವರವಿಲ್ಲ, ನೋವಿಲ್ಲ, ಗೊತ್ತೂ ಆಗುವುದಿಲ್ಲ. ಜಗತ್ತಿನ ಲೆಕ್ಕ ನೋಡಿ: ಗರ್ಭಕಂಠದ ಜೀವಕೋಶಗಳು ಸರಿಯಾಗಿಯೇ ಇರುವ 100 ಹೆಂಗಸರಲ್ಲಿ ಸುಮಾರು 11–12 ಮಂದಿಗೆ ಈ ವೈರಸ್ ಇರುತ್ತದೆ. ಲೈಂಗಿಕ ಸಂಪರ್ಕವಾದ ಬಹುತೇಕ ಗಂಡಸರಿಗೂ ಹೆಂಗಸರಿಗೂ ಬದುಕಿನಲ್ಲಿ ಒಮ್ಮೆಯಾದರೂ ತಗಲುವಂಥದ್ದು ಇದು. ಹಾಗಾಗಿ ‘ನಮ್ಮದು ಮರ್ಯಾದಸ್ಥರ ಮನೆ, ನಮಗೆಲ್ಲಿ ಬರುತ್ತೆ’ ಅನ್ನುವ ಮಾತು ನಿಲ್ಲುವುದಿಲ್ಲ. ಗಂಡನೊಬ್ಬನೊಂದಿಗೇ ಬಾಳಿದವರಿಗೂ ಬರುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಪತ್ತೆಯಾಗಲೂಬಹುದು. ಸೋಂಕು ನೋಡಿ ಯಾರ ನಡತೆಯನ್ನೂ ಅಳೆಯಲಾಗದು.

ಇಷ್ಟು ಸಾಮಾನ್ಯವಾದದ್ದಕ್ಕೆ ಪರೀಕ್ಷೆ ಯಾಕೆ? ಪ್ರಶ್ನೆ ನ್ಯಾಯವೇ. ಹತ್ತರಲ್ಲಿ ಒಂಬತ್ತು ಸೋಂಕು ಎರಡು ವರ್ಷದೊಳಗೆ ತಾನಾಗಿ ಹೋಗುತ್ತದೆ. ಚಿಂತೆಯೆಲ್ಲ ಉಳಿದುಕೊಳ್ಳುವ ಆ ಒಂದರದ್ದು, ಅದರಲ್ಲೂ 16 ಮತ್ತು 18ನೇ ಬಗೆಯದ್ದು. ಅದು ಗರ್ಭಕಂಠದ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಬೇಕು. ಅಷ್ಟೂ ಕಾಲ ಪತ್ತೆ ಹಚ್ಚಿ ತಡೆಯುವ ಅವಕಾಶವಿದೆ. ಸರ್ಕಾರಿ ತಪಾಸಣೆಯಲ್ಲಿ 30 ದಾಟಿದವರ ಗರ್ಭಕಂಠಕ್ಕೆ ವಿನೆಗರ್‌ನಂಥ ತೆಳು ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಕಾಯುತ್ತಾರೆ. ಅನುಮಾನದ ಜಾಗ ಬೆಳ್ಳಗೆ ಎದ್ದು ಕಾಣುತ್ತದೆ. ಬಿಳಿ ಕಂಡರೆ ಕ್ಯಾನ್ಸರೇ ಎಂದು ಹೆದರಬೇಡಿ, ಮುಂದಿನ ಪರೀಕ್ಷೆ ಬೇಕು ಎಂದಷ್ಟೇ ಅರ್ಥ. ಮಗಳಿಗೆ 9–14ರ ವಯಸ್ಸಿನಲ್ಲಿ ಈ ವೈರಸ್ ತಡೆಯುವ ಲಸಿಕೆ, ತಾಯಿಗೆ 30ರ ನಂತರ ತಪಾಸಣೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲೋ ಹಾಸನದ ಹಿಮ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ಇವತ್ತೇ ವಿಚಾರಿಸಿ.