ಗಾಲಿ ಮೊದಲು, ಹಾದಿ ಆಮೇಲೆ

1817ರ ಜೂನ್ 12, ಗುರುವಾರ. ನೆಕರ್ ನದಿ ರೈನ್ ನದಿಯನ್ನು ಕೂಡುವಲ್ಲಿರುವ ಜರ್ಮನಿಯ ಮಾನ್‌ಹೈಮ್ ಪಟ್ಟಣದಿಂದ 32 ವರ್ಷದ ಅರಣ್ಯಾಧಿಕಾರಿಯೊಬ್ಬ ಹೊರಟ. ಅವನು ಕುದುರೆ ಏರಿರಲಿಲ್ಲ, ಗಾಡಿ ಹತ್ತಿರಲಿಲ್ಲ, ಕಾಲ್ನಡಿಗೆಯೂ ಅದಾಗಿರಲಿಲ್ಲ. ಒಂದರ ಹಿಂದೆ ಒಂದರಂತೆ ಜೋಡಿಸಿದ ಎರಡು ಮರದ ಗಾಲಿಗಳ ನಡುವೆ, ಒಂದು ದಿಮ್ಮಿಯ ಮೇಲೆ ಕಾಲು ಇಳಿಬಿಟ್ಟು ಕೂತು, ನೆಲವನ್ನು ಹಿಂದಕ್ಕೆ ಒದೆಯುತ್ತ ಸಾಗಿದ್ದ. ಪೆಡಲ್ ಇರಲಿಲ್ಲ, ಚೈನ್ ಇರಲಿಲ್ಲ. ಅವನು ಹಿಡಿದದ್ದು ಶ್ವೆಟ್ಸಿಂಗೆನ್ ಅರಮನೆಯ ಕಡೆಗೆ ಹೋಗುವ ರಸ್ತೆ. ಆ ಸೀಮೆಯಲ್ಲೆಲ್ಲ ಅದೇ ಒಳ್ಳೆಯ ರಸ್ತೆ ಎಂಬ ಹೆಸರಿತ್ತು. ಅವತ್ತಿನ ಗೆಲುವಿನಲ್ಲಿ ಆ ರಸ್ತೆಯ ಪಾಲೆಷ್ಟು ಎಂಬುದು ಅವನಿಗೂ ಪೂರ್ತಿಯಾಗಿ ತಿಳಿದಿರಲಿಕ್ಕಿಲ್ಲ.

ಹೆಸರು ಕಾರ್ಲ್ ಡ್ರೈಸ್. ತಂದೆ ಬಾಡೆನ್ ಸಂಸ್ಥಾನದ ಹಿರಿಯ ನ್ಯಾಯಾಧೀಶ. ಮಗ ಹೈಡೆಲ್‌ಬರ್ಗ್‌ನಲ್ಲಿ ಗಣಿತ, ಭೌತವಿಜ್ಞಾನ, ವಾಸ್ತುಶಿಲ್ಪ ಓದಿ ಅರಣ್ಯ ಇಲಾಖೆ ಸೇರಿದ. ಆದರೆ ಮನಸ್ಸೆಲ್ಲ ಯಂತ್ರಗಳಲ್ಲಿ. 1811ರಲ್ಲಿ ಸಂಬಳ ಉಳಿಸಿಯೇ ಅವನಿಗೆ ಕೆಲಸದಿಂದ ಬಿಡುವು ಕೊಟ್ಟರು. ಅವನು ಮಾನ್‌ಹೈಮ್‌ಗೆ ಬಂದು ಪ್ರಯೋಗಗಳಿಗೆ ಇಳಿದ. ಕುದುರೆಯಿಲ್ಲದೆ ಓಡುವ ಗಾಡಿ ಮಾಡಬೇಕೆಂಬುದು ಅವನ ಹಟ.

1813ರಲ್ಲಿ ಮೊದಲ ಗಾಡಿ ಸಿದ್ಧವಾಯಿತು. ನಾಲ್ಕು ಗಾಲಿ, ಒಳಗೆ ಕೂತವರೇ ಕಾಲಿನಿಂದ ತುಳಿದು ಓಡಿಸಬೇಕು. ರಷ್ಯಾದ ಚಕ್ರವರ್ತಿ ಅಲೆಕ್ಸಾಂಡರ್ ಅದನ್ನು ನೋಡಿ ಮೆಚ್ಚಿದ. ಮೆಚ್ಚುಗೆ ಸಿಕ್ಕಿತು, ಮನ್ನಣೆ ಸಿಗಲಿಲ್ಲ. ಡ್ರೈಸ್ ಹಕ್ಕುಪತ್ರ ಕೇಳಿದಾಗ ಸಂಸ್ಥಾನದ ತಜ್ಞರು ಬೇಡವೆಂದರು. ಅವರಲ್ಲೊಬ್ಬ ಎಂಜಿನಿಯರ್ ಟುಲ್ಲಾ, ಮುಂದೆ ರೈನ್ ನದಿಯ ಅಂಕುಡೊಂಕನ್ನೇ ನೇರ ಮಾಡಿ ಹೆಸರಾದವನು. ಯುರೋಪಿನ ದೊರೆಗಳೆಲ್ಲ ಸೇರಿದ್ದ ವಿಯೆನ್ನಾ ಸಮ್ಮೇಳನಕ್ಕೆ ಡ್ರೈಸ್ ಗಾಡಿಯನ್ನು ಒಯ್ದ. ಅಲ್ಲಿಯೂ ಕೊಳ್ಳುವವರು ಸಿಗದೆ ಬರಿಗೈಯಲ್ಲಿ ಮರಳಿದ. ಗಾಡಿ ಭಾರವಾಗಿತ್ತು, ರಸ್ತೆ ಹದಗೆಟ್ಟಿತ್ತು, ಕೂತವರು ಬೇಗ ಸುಸ್ತಾಗುತ್ತಿದ್ದರು.

ಆ ಹೊತ್ತಿಗೆ ಭೂಮಿಯ ಇನ್ನೊಂದು ತುದಿಯಲ್ಲಿ ಒಂದು ಬೆಟ್ಟ ಸಿಡಿಯಿತು. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಉಗುಳಿದ ಧೂಳು ಆಕಾಶದ ಎತ್ತರಕ್ಕೇರಿ ಬಿಸಿಲನ್ನು ಮಸುಕಾಗಿಸಿತು. ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ದಕ್ಷಿಣ ಜರ್ಮನಿಯ ಹೊಲಗಳಲ್ಲಿ ಪೈರು ಕೊಳೆತುಹೋಯಿತು, ಓಟ್ಸ್ ಬೆಲೆ ಗಗನಕ್ಕೇರಿತು, ಜನರಿಗೇ ಅನ್ನವಿಲ್ಲದಾಗ ಕುದುರೆಗಳಿಗೆ ಮೇವೆಲ್ಲಿ? ಡ್ರೈಸ್‌ನ ಜೀವನವನ್ನು ಬಗೆದು ನೋಡಿದ ಇತಿಹಾಸಕಾರ ಹಾನ್ಸ್-ಎರ್ಹಾರ್ಡ್ ಲೆಸಿಂಗ್, ಕುದುರೆಗಳ ಈ ಹಾಹಾಕಾರವೇ ಅವನನ್ನು ಮತ್ತೆ ಕೆಲಸಕ್ಕೆ ಹಚ್ಚಿತೆಂದು ವಾದಿಸಿದ. ಎಲ್ಲರೂ ಇದನ್ನು ಒಪ್ಪಿಲ್ಲ. ಆದರೆ ಯುದ್ಧಕಾಲದಲ್ಲಿ ಕುದುರೆಗೂ ಮೇವಿಗೂ ಬರ ಬಂದಾಗ ತನ್ನ ಗಾಡಿ ನೆರವಾದೀತೆಂದು ಡ್ರೈಸ್ ಮೊದಲ ಯಂತ್ರದ ಕಾಲದಲ್ಲೇ ಯೋಚಿಸಿದ್ದ; ಅಂಥವನ ಕಣ್ಣಿಗೆ 1816ರ ಬರ ಬೀಳದೇ ಹೋಗಿತ್ತೆಂದು ನಂಬುವುದು ಕಷ್ಟ.

ಈ ಸಲ ಅವನು ನಾಲ್ಕು ಗಾಲಿಯ ಗೊಡವೆ ಬಿಟ್ಟ. ಹೊಸ ಯೋಚನೆ ಹುಟ್ಟಿದ್ದು ಹಿಮದ ಮೇಲಿನ ಜಾರಾಟದಿಂದ. ಹಾಗೆಂದು ಅವನೇ ಬರೆದಿದ್ದಾನೆ. ಹೆಪ್ಪುಗಟ್ಟಿದ ಕೆರೆಯ ಮೇಲೆ ಜಾರುವವನು ಒಂದು ಕಾಲಿನಿಂದ ಒದ್ದು, ಇನ್ನೊಂದರ ತೆಳುವಾದ ಅಲಗಿನ ಮೇಲೆ ಬೀಳದೆ ತೇಲಿ ಹೋಗುತ್ತಾನೆ. ಅಲಗಿನ ಜಾಗದಲ್ಲಿ ಗಾಲಿ ಇಟ್ಟರೆ? ಇವತ್ತು ಐದು ವರ್ಷದ ಮಗುವೂ ಸರಿಯೆನ್ನುವ ಈ ಯೋಚನೆಗೆ ಆಗ ಎದೆಗಾರಿಕೆ ಬೇಕಿತ್ತು. ಎರಡೂ ಕಾಲನ್ನು ನೆಲದಿಂದ ಎತ್ತಿ, ನಿಲ್ಲಿಸಿದರೆ ಉರುಳಿಬೀಳುವ ವಸ್ತುವಿನ ಮೇಲೆ ಕೂರುವುದೆಂದರೆ ಬಹುಪಾಲು ಜನರಿಗೆ ಅದು ನಂಬುವ ಮಾತಾಗಿರಲಿಲ್ಲ.

ಯಂತ್ರವನ್ನು ಹತ್ತಿರದಿಂದ ನೋಡಿದರೆ ಡ್ರೈಸ್‌ನ ಕುಶಲತೆ ಕಾಣುತ್ತದೆ. ಚೌಕಟ್ಟು ಹಗುರವಾದ ಆಶ್ ಮರದ್ದು. ಮರದ ಗಾಲಿಗಳಿಗೆ ಕಬ್ಬಿಣದ ಪಟ್ಟಿ, ಅಚ್ಚು ಸಲೀಸಾಗಿ ತಿರುಗಲು ಹಿತ್ತಾಳೆಯ ಬುಷ್. ಮೆತ್ತೆ ಹಾಕಿದ ಸೀಟು, ಅದರ ಮುಂದೆ ಮುಂಗೈ ಊರಲು ಇನ್ನೊಂದು ಮೆತ್ತೆಯ ಹಲಗೆ. ಹಿಂದಿನ ಗಾಲಿಗೆ ದಾರದಿಂದ ಎಳೆಯುವ ಬ್ರೇಕ್. ಒಟ್ಟು ತೂಕ 25 ಕಿಲೋ ಒಳಗೆ. ಇಷ್ಟೆಲ್ಲದರ ನಡುವೆ ಒಂದು ಅಂಶ ಮಾತ್ರ ನೋಡುವವರಿಗೆ ದೊಡ್ಡದೆನಿಸುತ್ತಿರಲಿಲ್ಲ: ಮುಂದಿನ ಗಾಲಿ ಎಡಕ್ಕೂ ಬಲಕ್ಕೂ ತಿರುಗುತ್ತಿತ್ತು.

ಅವತ್ತು ಡ್ರೈಸ್ ಶ್ವೆಟ್ಸಿಂಗೆನ್ ರಸ್ತೆಯ ಅಂಚೆಕಟ್ಟೆಯವರೆಗೆ ಹೋಗಿ ತಿರುಗಿ ಬಂದ. ಹೋಗಿಬರಲು ಸುಮಾರು 14 ಕಿಲೋಮೀಟರ್, ಹಿಡಿದ ಹೊತ್ತು ಒಂದು ಗಂಟೆಯೊಳಗೆ. ಹೊಟ್ಟೆಗೆ ಓಟ್ಸ್ ಕೇಳದ ವಾಹನವೊಂದು ಅಂಚೆಗಾಡಿಯನ್ನು ಹಿಂದೆ ಹಾಕಿತ್ತು.

ಬಯಲಿನಲ್ಲಿ ಗೆದ್ದವನಿಗೆ ಬೆಟ್ಟ ಏರಿ ನೋಡುವ ಆಸೆ. ಅದೇ ಬೇಸಿಗೆಯಲ್ಲಿ ಅವನು ಯಂತ್ರವನ್ನು ಕಪ್ಪುಕಾಡಿನ ಮುರ್ಗ್ ನದಿ ಕಣಿವೆಗೆ ಒಯ್ದ. ಕಣಿವೆಯ ಗೆರ್ನ್ಸ್‌ಬಾಖ್ ಊರಿನ ನೆತ್ತಿಯ ಮೇಲೆ ಎಬರ್‌ಸ್ಟೈನ್ ಕೋಟೆ. ಬೆಟ್ಟದಾಚೆ ಬಾಡೆನ್ ಪಟ್ಟಣ, ಅದರ ಮೇಲೆ ಹಳೆಯ ಹೋಹೆನ್‌ಬಾಡೆನ್ ಕೋಟೆಯ ಪಾಳು ಗೋಡೆಗಳು. ನಡೆಯುವವರಿಗೆ ಎರಡು ಗಂಟೆ ಹಿಡಿಯುವ ಆ ಕಡಿದಾದ ಹಾದಿಯನ್ನು ಡ್ರೈಸ್ ಸುಮಾರು ಒಂದು ಗಂಟೆಯಲ್ಲಿ ದಾಟಿದ. ಜುಲೈ ಕೊನೆಗೆ ಬಾಡೆನ್ ಪತ್ರಿಕೆಯಲ್ಲಿ ಎರಡೂ ಸವಾರಿಗಳ ಸುದ್ದಿ ಬಂತು. ನದಿ, ಕಣಿವೆ, ಕೋಟೆ, ಎರಡು ಗಾಲಿ: ಈಗ ಲಕ್ಷಾಂತರ ಜನ ರಜೆ ಹಾಕಿ ಹುಡುಕಿಕೊಂಡು ಹೋಗುವ ಸುಖವನ್ನು ಕಂಡ ಮೊದಲಿಗ ಅವನೇ.

1818ರ ಜನವರಿಯಲ್ಲಿ ಬಾಡೆನ್ ದೊರೆ ಹತ್ತು ವರ್ಷದ ಹಕ್ಕುಪತ್ರ ಕೊಟ್ಟ. ಡ್ರೈಸ್‌ಗೆ ಪ್ರೊಫೆಸರ್ ಎಂಬ ಬಿರುದೂ ಬಂತು. ಪ್ಯಾರಿಸ್, ಲಂಡನ್, ನ್ಯೂಯಾರ್ಕ್‌ಗಳಲ್ಲಿ ನಕಲುಗಳು ಓಡಾಡತೊಡಗಿದವು. ಕತೆ ಸುಖವಾಗಿ ಮುಗಿಯಬೇಕಿದ್ದುದು ಇಲ್ಲಿಯೇ. ಮುಗಿಯಲಿಲ್ಲ.

ಅಡ್ಡ ಬಂದದ್ದು ನೆಲ. ಆಗಿನ ರಸ್ತೆಗಳು ಭಾರದ ಗಾಡಿಗಳು ಓಡಿ ಓಡಿ ಕೊರೆದುಹೋಗಿದ್ದವು. ಮಳೆಗಾಲದಲ್ಲಿ ಕೆಸರು, ಒಣಗಿದರೆ ಕಲ್ಲಿನಷ್ಟು ಗಟ್ಟಿಯಾದ ಗಾಡಿಜಾಡು. ಶ್ವೆಟ್ಸಿಂಗೆನ್ ರಸ್ತೆಯ ಮೇಲೆ ಹಕ್ಕಿಯಂತೆ ಹಾರಿದ ಯಂತ್ರ ಇಂಥ ಜಾಡಿಗೆ ಇಳಿದರೆ ಸವಾರನನ್ನು ಉರುಳಿಸಿಬಿಡುತ್ತಿತ್ತು. ಹಾಗಾಗಿ ಸವಾರರು ನಡೆಯುವವರ ನಯವಾದ ಕಾಲುಹಾದಿ ಹತ್ತಿದರು. ಜನ ರೇಗಿದರು, ಊರೂರಿನ ಆಡಳಿತಗಳು ದಂಡ ಹಾಕಿ ನಿಷೇಧಿಸಿದವು. ಜರ್ಮನಿ, ಇಂಗ್ಲೆಂಡ್, ಅಮೆರಿಕ ಅಷ್ಟೇ ಅಲ್ಲ, ನಮ್ಮ ಕಲ್ಕತ್ತೆಯಲ್ಲೂ ನಿಷೇಧ ಬಂತು. ರಸ್ತೆಯಲ್ಲಿ ಓಡಲಾಗದು, ಕಾಲುಹಾದಿಯಲ್ಲಿ ಓಡಬಾರದು. ಹೀಗೆ ಸಿಕ್ಕಿಕೊಂಡ ಯಂತ್ರ ಕೆಲವೇ ವರ್ಷಗಳಲ್ಲಿ ಅಟ್ಟ ಸೇರಿತು.

ಡ್ರೈಸ್‌ನ ಬದುಕೂ ಅದೇ ದಾರಿ ಹಿಡಿಯಿತು. 1819ರಲ್ಲಿ ಮಾನ್‌ಹೈಮ್‌ನಲ್ಲಿ ಸಾಂಡ್ ಎಂಬ ವಿದ್ಯಾರ್ಥಿ ನಾಟಕಕಾರ ಕೊಟ್ಸೆಬುವನ್ನು ಇರಿದು ಕೊಂದ. ನ್ಯಾಯಾಧೀಶನಾಗಿದ್ದ ಡ್ರೈಸ್‌ನ ತಂದೆ ಅವನಿಗೆ ಕ್ಷಮೆ ಕೊಡಿಸಲಿಲ್ಲ. ಸಾಂಡ್‌ನ ತಲೆ ಉರುಳಿತು. ಸಾಂಡ್‌ನನ್ನು ವೀರನೆಂದು ಕೊಂಡಾಡುತ್ತಿದ್ದವರ ಸಿಟ್ಟು ಮಗನ ಮೇಲೆ ತಿರುಗಿತು. ಕಾಟ ತಾಳಲಾರದೆ ಡ್ರೈಸ್ 1822ರಲ್ಲಿ ಬ್ರೆಜಿಲ್‌ಗೆ ಹೋಗಿ ಐದು ವರ್ಷ ಭೂಮಿ ಅಳೆಯುವ ಕೆಲಸ ಮಾಡಿದ. ಮರಳಿ ಬಂದವನು ಮತ್ತೆ ಯಂತ್ರಗಳನ್ನೇ ಕಟ್ಟಿದ. ಅಕ್ಷರ ಒತ್ತಿ ಬರೆಯುವ ಯಂತ್ರವೂ ಅವುಗಳಲ್ಲೊಂದು. 1849ರ ಕ್ರಾಂತಿಯ ದಿನಗಳಲ್ಲಿ ತನ್ನ ಶ್ರೀಮಂತ ಮನೆತನದ ಬಿರುದನ್ನು ಬಿಟ್ಟುಕೊಟ್ಟು ಬರೀ ಪ್ರಜೆ ಕಾರ್ಲ್ ಡ್ರೈಸ್ ಎಂದು ಸಾರಿಕೊಂಡ. ಕ್ರಾಂತಿಯನ್ನು ಹೊಸಕಿದ ಮೇಲೆ ಅವನ ಪಿಂಚಣಿಯನ್ನೂ ಕಿತ್ತುಕೊಂಡರು. 1851ರ ಡಿಸೆಂಬರ್ 10ರಂದು ಕಾರ್ಲ್ಸ್‌ರೂಹೆಯಲ್ಲಿ ಕೈಯಲ್ಲಿ ಕಾಸಿಲ್ಲದೆ ಸತ್ತ. ಇಷ್ಟು ಕೊಟ್ಟವನಿಗೆ ಇಂಥ ಕೊನೆ ಬರಬಾರದಿತ್ತು.

ಇತ್ತ ಹಾದಿಯ ಕತೆ ಬೇರೆಯಾಗಿ ಬೆಳೆಯುತ್ತಿತ್ತು. ಡ್ರೈಸ್ ಎರಡು ಗಾಲಿ ಜೋಡಿಸುತ್ತಿದ್ದ ಕಾಲದಲ್ಲೇ, 1816ರಲ್ಲಿ, ಜಾನ್ ಮೆಕಾಡಂ ಎಂಬ ಸ್ಕಾಟ್ಲೆಂಡಿನವನು ಇಂಗ್ಲೆಂಡಿನ ಬ್ರಿಸ್ಟಲ್ ಸೀಮೆಯ ರಸ್ತೆಗಳ ಉಸ್ತುವಾರಿ ವಹಿಸಿಕೊಂಡ. ಬುಡದಲ್ಲಿ ದೊಡ್ಡ ಬಂಡೆ ಹಾಸುವ ಹಳೆಯ ಕ್ರಮವನ್ನು ಅವನು ಕೈಬಿಟ್ಟ. ಕಲ್ಲನ್ನು ಸಣ್ಣಗೆ ಒಡೆದು, ಮೂಲೆ ಮೂಲೆ ಇರುವ ಚೂರುಗಳನ್ನೇ ಹರಡಿಸಿದ. ರಸ್ತೆಯ ನಡುವನ್ನು ತುಸು ಎತ್ತರಿಸಿ ನೀರು ಬದಿಗೆ ಹರಿಯುವಂತೆ ಮಾಡಿದ. ಮೂಲೆಯುಳ್ಳ ಜಲ್ಲಿ ಒಂದಕ್ಕೊಂದು ಕಚ್ಚಿಕೊಂಡಿತು, ಸಂದಿಗಳಲ್ಲಿ ಕಲ್ಲಿನ ಪುಡಿ ಕೂತು ಗಟ್ಟಿಯಾಯಿತು. ನೆಲ ಒಣಗಿದ್ದರೆ ಸಾಕು, ಭಾರವನ್ನು ಅದೇ ಹೊರುತ್ತದೆ ಎಂಬುದು ಅವನ ಸರಳ ಲೆಕ್ಕ.

ನೆಕರ್ ನದಿಯ ದಂಡೆಯಲ್ಲಿ ಇನ್ನೊಂದು ಹಾದಿಯಿತ್ತು. ಮೇಲ್ಮುಖವಾಗಿ ಹೋಗುವ ದೋಣಿಗಳಿಗೆ ಹಗ್ಗ ಬಿಗಿದು ಕುದುರೆಗಳು ದಡದಲ್ಲಿ ನಡೆದು ಎಳೆಯುತ್ತಿದ್ದವು. ನೀರಿನ ಪಕ್ಕದಲ್ಲೇ, ಏರಿಳಿತವಿಲ್ಲದೆ ಸಾಗುವ ಹಾದಿ. 1878ರಲ್ಲಿ ಮಾನ್‌ಹೈಮ್‌ನಿಂದ ಹೈಲ್‌ಬ್ರಾನ್‌ವರೆಗೆ 115 ಕಿಲೋಮೀಟರ್ ಉದ್ದದ ಸರಪಳಿಯನ್ನು ನದಿಯ ತಳಕ್ಕೆ ಹಾಸಿದರು. ಉಗಿ ಹಡಗುಗಳು ಆ ಸರಪಳಿಯನ್ನೇ ಹಿಡಿದು ತಮ್ಮನ್ನು ತಾವು ಎಳೆದುಕೊಳ್ಳುತ್ತ ಮೇಲಕ್ಕೆ ಹೋದವು. ಜನ ಆ ಹಡಗಿಗೆ ನೆಕರ್ ಕತ್ತೆಯೆಂದು ಹೆಸರಿಟ್ಟರು. ದಂಡೆಯ ಕುದುರೆಗಳಿಗೆ ಕೆಲಸ ತಪ್ಪಿತು.

ಅಷ್ಟರಲ್ಲಿ ಎರಡು ಗಾಲಿಯ ಯಂತ್ರ ಅಟ್ಟದಿಂದ ಕೆಳಗಿಳಿದಿತ್ತು. 1860ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಪೆಡಲ್ ಬಂತು, 1885ರಲ್ಲಿ ಹಿಂಗಾಲಿಗೆ ಚೈನ್ ಇರುವ ರೋವರ್ ಬಂತು, 1888ರಲ್ಲಿ ಡನ್ಲಪ್‌ನ ಗಾಳಿ ತುಂಬಿದ ಟೈರು ಬಂತು. ಆದರೆ ರಸ್ತೆ ನಯವಾದ ಹಾಗೆಲ್ಲ ಅದನ್ನು ಮೋಟಾರು ಆಕ್ರಮಿಸಿತು. ಸೈಕಲ್ಲಿಗೆ ತನ್ನದೇ ಹಾದಿ ಬೇಕೆಂಬ ಮಾತು ಮತ್ತೆ ಎದ್ದಿತು, ಸವಾರರ ಕಣ್ಣು ನದಿದಂಡೆಗಳ ಮೇಲೆ ಬಿತ್ತು. ಕಪ್ಪುಕಾಡಿನ ಅಂಚಿನಿಂದ ಮಾನ್‌ಹೈಮ್‌ವರೆಗೆ ನೆಕರ್ ಕಣಿವೆಯ ಸೈಕಲ್ ಹಾದಿ ಈಗ 360 ಕಿಲೋಮೀಟರ್‌ಗೂ ಉದ್ದವಿದೆ. ಡಾಂಬರಿನ ಭಾಗಗಳೂ ಉಂಟು, ಕಲ್ಲಿನಪುಡಿಯನ್ನು ನೀರು ಹಾಕಿ ರೋಲರ್‌ನಿಂದ ಅದುಮಿದ ಗರಸಿನ ಭಾಗಗಳೂ ಉಂಟು. ಹೋರ್ನ್‌ಬರ್ಗ್, ಜ್ವಿಂಗೆನ್‌ಬರ್ಗ್, ಹಿರ್ಷ್‌ಹೋರ್ನ್, ಒಂದೇ ಊರಿನ ಮೇಲೆ ನಾಲ್ಕು ಕೋಟೆ ಹೊತ್ತ ನೆಕರ್‌ಸ್ಟೈನಾಖ್, ಕೊನೆಗೆ ಹೈಡೆಲ್‌ಬರ್ಗ್‌ನ ಕೆಂಪು ಕಲ್ಲಿನ ಪಾಳು ಅರಮನೆ ಒಂದಾದ ಮೇಲೊಂದು ಎದುರಾಗುತ್ತವೆ.

ಆದರೂ ಡ್ರೈಸ್‌ನ ಯಂತ್ರ ಒಂದು ರಸ್ತೆಯಲ್ಲಿ ಓಡಿ ಇನ್ನೊಂದರಲ್ಲಿ ಬಿದ್ದದ್ದೇಕೆ? ಎರಡು ಗಾಲಿ ಬೀಳದೆ ನಿಲ್ಲುವುದು ಹೇಗೆಂಬ ಪ್ರಶ್ನೆಗೆ ವಿಜ್ಞಾನಿಗಳು ಶತಮಾನಕ್ಕೂ ಹೆಚ್ಚು ಕಾಲ ತಲೆ ಕೆಡಿಸಿಕೊಂಡರು. ತಿರುಗುವ ಗಾಲಿಯ ಬುಗುರಿ ಗುಣವೇ ಕಾರಣವೆಂದರು ಕೆಲವರು. ಮುಂಗಾಲಿ ನೆಲ ಮುಟ್ಟುವ ಬಿಂದು ಹ್ಯಾಂಡಲ್‌ನ ತಿರುಗುಗೆರೆಗಿಂತ ಹಿಂದಿರುವುದೇ ಕಾರಣವೆಂದರು ಇನ್ನು ಕೆಲವರು. 2011ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು ಈ ಎರಡೂ ಗುಣಗಳನ್ನು ಇಲ್ಲವಾಗಿಸಿದ ಪುಟ್ಟ ಗಾಡಿ ಮಾಡಿ ತಳ್ಳಿದರು. ಸವಾರನಿಲ್ಲದೆಯೂ ಅದು ನೆಟ್ಟಗೆ ಓಡಿತು. ಗುಟ್ಟು ಇಷ್ಟೇ: ಎಡಕ್ಕೆ ವಾಲಿದರೆ ಮುಂಗಾಲಿ ಎಡಕ್ಕೇ ತಿರುಗಬೇಕು. ಆಗ ಗಾಲಿಗಳು ಬೀಳುತ್ತಿರುವ ಭಾರದ ಅಡಿಗೆ ಸರಿದು ಅದನ್ನು ಹಿಡಿದು ನಿಲ್ಲಿಸುತ್ತವೆ. ಗಾಡಿಜಾಡಿಗೆ ಸಿಕ್ಕಿಕೊಂಡ ಗಾಲಿಗೆ ತಿರುಗಲು ಜಾಗವಿಲ್ಲ, ಆದ್ದರಿಂದ ಸವಾರ ಬೀಳುತ್ತಾನೆ. ಅದುಮಿದ ಗರಸಿನ ಸಮತಟ್ಟಾದ ಹಾದಿ ಆ ಜಾಗ ಕೊಡುತ್ತದೆ. ಡ್ರೈಸ್‌ನ ಯಂತ್ರದಲ್ಲಿ ತಿರುಗುವ ಮುಂಗಾಲಿ 1817ರಲ್ಲೇ ಇತ್ತು.