ಬಂಡಿ ಕಟ್ಟಿದ ಊರು

ಬಾಳಿನ ಉತ್ತಮ ವರ್ಷಗಳನ್ನೆಲ್ಲ ಒಂದೇ ಕಾರ್ಖಾನೆಗೆ ಧಾರೆಯೆರೆದ ಮನುಷ್ಯನಿಗೆ ಮುಪ್ಪಿನಲ್ಲಿ ಅದರಿಂದ ಏನು ಸಲ್ಲಬೇಕು? ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಮರೆಯಲಾಗದಂತೆ ಎತ್ತಿದ ಊರು ಇಂಡಿಯಾನಾ ಸಂಸ್ಥಾನದ ಸೌತ್ ಬೆಂಡ್.

ಮಿಷಿಗನ್ ಸರೋವರದತ್ತ ಹರಿಯುವ ಸೇಂಟ್ ಜೋಸೆಫ್ ನದಿ ಇಲ್ಲಿ ಬಾಗಿ ಉತ್ತರಕ್ಕೆ ತಿರುಗುತ್ತದೆ. ಊರಿನ ಹೆಸರು ಆ ತಿರುವಿನಿಂದ ಬಂದುದು. 1852ರಲ್ಲಿ ಹೆನ್ರಿ ಮತ್ತು ಕ್ಲೆಮೆಂಟ್ ಸ್ಟುಡಿಬೇಕರ್ ಎಂಬ ಸೋದರರು 68 ಡಾಲರ್ ಬಂಡವಾಳದಿಂದ ಇಲ್ಲೊಂದು ಕಮ್ಮಾರಸಾಲೆಯನ್ನು ತೆರೆದರು. ಚಿನ್ನದ ಆಸೆಯಿಂದ ಕ್ಯಾಲಿಫೋರ್ನಿಯಕ್ಕೆ ಹೋಗಿದ್ದ ತಮ್ಮ ಜಾನ್, ಅಲ್ಲಿ ಚಿನ್ನ ಅಗೆಯುವವರಿಗೆ ಒಂಟಿಗಾಲಿಯ ಕೈಗಾಡಿಗಳನ್ನು ಮಾಡಿ ಮಾರಿ, 1858ರಲ್ಲಿ 8,000 ಡಾಲರ್ ಗಂಟಿನೊಂದಿಗೆ ಮರಳಿದನು. ಆ ಹಣದಿಂದ ಉದ್ಯಮ ಬೆಳೆಯಿತು. ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯಕ್ಕೆ ಬಂಡಿಗಳನ್ನೊದಗಿಸಿದ ಸಂಸ್ಥೆ, 1902ರಲ್ಲಿ ವಿದ್ಯುತ್ ಕಾರನ್ನೂ 1904ರಲ್ಲಿ ಪೆಟ್ರೋಲ್ ಕಾರನ್ನೂ ತಯಾರಿಸಿತು.

ಕೆಲಸವನ್ನರಸಿ ಪೋಲೆಂಡಿನಿಂದ, ಹಂಗೆರಿಯಿಂದ, ದಕ್ಷಿಣದ ಸಂಸ್ಥಾನಗಳಿಂದ ಜನ ಬಂದು ನೆಲಸಿದರು. ತಂದೆ ದುಡಿದ ಕಡೆಯೇ ಮಗನೂ ದುಡಿಯತೊಡಗಿದನು. ಈಸ್ಟರ್ ಹಬ್ಬದ ಮರುದಿನ ಪೋಲಿಷ್ ಜನರು ಆಚರಿಸುವ ‘ಡಿಂಗಸ್ ಡೇ’ ಇಂದಿಗೂ ಊರ ಹಬ್ಬ. ಅಂದು ಮತ ಬೇಡುವ ರಾಜಕಾರಣಿಗಳೂ ಜನರೊಡನೆ ಕುಳಿತು ಉಣ್ಣುತ್ತಾರೆ.

1950ರಲ್ಲಿ ಕಾರ್ಮಿಕ ಸಂಘದ ಒಪ್ಪಂದದಂತೆ ಪಿಂಚಣಿ ಯೋಜನೆ ಜಾರಿಗೆ ಬಂದಿತು. ಹಿಂದಿನ ವರ್ಷಗಳ ದುಡಿಮೆಯೂ ಲೆಕ್ಕಕ್ಕೆ ಸೇರಿತು. ಆದರೆ ಅದಕ್ಕೆ ಬೇಕಾದ ಹಣವನ್ನು ಒಮ್ಮೆಗೇ ಕೂಡಿಡಲಿಲ್ಲ. ಹಲವು ವರ್ಷಗಳಲ್ಲಿ ತುಂಬಿಕೊಡುವುದೆಂದಾಯಿತು. ಅಷ್ಟು ವರ್ಷ ಕಾರ್ಖಾನೆ ಬಾಳೀತೆಂಬ ನಂಬಿಕೆಯೇ ಅದರ ಆಧಾರ.

ಆ ನಂಬಿಕೆ 1963ರ ಡಿಸೆಂಬರ್ 9ರಂದು ಮುರಿಯಿತು. ಡೆಟ್ರಾಯಿಟ್ ನಗರದ ದೈತ್ಯ ಸಂಸ್ಥೆಗಳೊಡನೆ ಸೆಣಸಿ ಸೋತ ಸ್ಟುಡಿಬೇಕರ್ ಸಂಸ್ಥೆ, ಇಲ್ಲಿನ ಕಾರ್ಖಾನೆಯನ್ನು ಮುಚ್ಚುವುದಾಗಿ ಸಾರಿತು. ಕ್ರಿಸ್‌ಮಸ್‌ಗೆ ಐದು ದಿನ ಮೊದಲು, ಇಲ್ಲಿ ತಯಾರಾದ ಕೊನೆಯ ಕಾರು ಹೊರಬಂದಿತು. ಸುಮಾರು 7,000 ಮಂದಿ ಕೆಲಸ ಕಳೆದುಕೊಂಡರು.

ಬಳಿಕ ಪಿಂಚಣಿಯ ಹುಂಡಿಯನ್ನು ತೆರೆದು ನೋಡಿದರೆ, ಅದು ಎಲ್ಲರಿಗೂ ಸಾಲುವಂತಿರಲಿಲ್ಲ. ನಿವೃತ್ತರಿಗೂ 60 ವರ್ಷ ತುಂಬಿದ ಅರ್ಹರಿಗೂ ಪೂರ್ಣ ಸಂದಿತು. ಹತ್ತು ವರ್ಷಗಳಿಗೆ ಕಡಮೆಯಿಲ್ಲದೆ ದುಡಿದಿದ್ದ, 40ರಿಂದ 59 ವಯಸ್ಸಿನ ಸುಮಾರು 4,000 ಮಂದಿಗೆ, 100 ಡಾಲರ್ ಬರಬೇಕಾದ ಕಡೆ ಸುಮಾರು 15 ಡಾಲರ್ ಬಂದಿತು. ಅವರ ಸರಾಸರಿ ವಯಸ್ಸು 52. ಸರಾಸರಿ ಸೇವೆ 23 ವರ್ಷ. ಹೊಸ ಕೆಲಸ ಕಲಿಯಲು ವಯಸ್ಸು ಮೀರಿದವರು, ವಿಶ್ರಾಂತಿಗೆ ವಯಸ್ಸಾಗದವರು! ಉಳಿದ ಕಿರಿಯರಿಗೆ ಏನೂ ದೊರೆಯಲಿಲ್ಲ.

ಈ ಅನ್ಯಾಯದ ಮಾತು ವಾಷಿಂಗ್ಟನ್ನಿನ ಶಾಸನಸಭೆಯಲ್ಲಿ ಮತ್ತೆ ಮತ್ತೆ ಪ್ರಸ್ತಾಪವಾಯಿತು. ಕಡೆಗೆ 1974ರ ಸೆಪ್ಟೆಂಬರ್ 2ರಂದು ಅಧ್ಯಕ್ಷ ಫೋರ್ಡರು ಪಿಂಚಣಿ ರಕ್ಷಣೆಯ ಕಾನೂನಿಗೆ ಸಹಿ ಹಾಕಿದರು. ಪಿಂಚಣಿಯ ಹಣವನ್ನು ನಿಯಮದಂತೆ ಕೂಡಿಡಬೇಕಾಯಿತು. ಯೋಜನೆ ಕುಸಿದರೆ ನೆರವಾಗಲು ಸರ್ಕಾರಿ ವಿಮಾ ನಿಗಮವೂ ಸ್ಥಾಪನೆಯಾಯಿತು.

1960ರಲ್ಲಿ 1,32,445 ಇದ್ದ ಸೌತ್ ಬೆಂಡ್‌ನ ಜನಸಂಖ್ಯೆ 2020ರಲ್ಲಿ 1,03,453ಕ್ಕೆ ಇಳಿದಿತ್ತು. ಊರು ಮಾತ್ರ ಅಳಿಯಲಿಲ್ಲ. ಪಕ್ಕದ ನಾಟರ್ ಡೇಮ್ ವಿಶ್ವವಿದ್ಯಾಲಯ ಇಂದು ಅನೇಕರಿಗೆ ಅನ್ನ ನೀಡುತ್ತಿದೆ. ಹಳೆಯ ಬಂಡಿಗಳೂ ಕಾರುಗಳೂ ವಸ್ತುಸಂಗ್ರಹಾಲಯದಲ್ಲಿ ಥಳಥಳಿಸುತ್ತಿವೆ. ಆದರೆ ಹೊಸ ಕಾನೂನು ಹಿಂದಿನ ನಷ್ಟವನ್ನು ತುಂಬಿಕೊಡಲಿಲ್ಲ. ಯಾರ ಸಂಕಟದಿಂದ ಕೋಟ್ಯಂತರ ಕುಟುಂಬಗಳ ಮುಪ್ಪಿಗೆ ಆಸರೆ ದೊರೆಯಿತೋ, ಆ ಬಂಡಿ ಕಟ್ಟಿದ ಊರಿನ ಕೆಲಸಗಾರರ ಕೈಗೆ ಅದರಿಂದ ಬಿಡಿಗಾಸೂ ಬರಲಿಲ್ಲ.