ಹೆಸರು ಒಂದೇ, ನೆಲೆ ಬೇರೆ

ನಮ್ಮ ಬೀಳಗಿ ತಾಲೂಕಿನ ಜನರಿಗೆ ಒಂದು ಅನುಭವ ಚೆನ್ನಾಗಿ ಗೊತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಏರಿ ಬಂದಾಗ ಅಲ್ಲಿಯ ಅನೇಕ ಹಳ್ಳಿಗಳು ನೀರು ಪಾಲಾದವು. ಜನರು ದೇವರನ್ನೂ ದನಕರುಗಳನ್ನೂ ಕರೆದುಕೊಂಡು ಎತ್ತರದ ನೆಲಕ್ಕೆ ಹೋದರು. ಪುನರ್ವಸತಿ ಕೇಂದ್ರಗಳಲ್ಲಿ ಹೊಸ ಮನೆಗಳನ್ನು ಕಟ್ಟಿಕೊಂಡರು. ಆದರೆ ಊರಿನ ಹೆಸರನ್ನು ಮಾತ್ರ ಅವರು ನೀರಿನಲ್ಲಿ ಬಿಟ್ಟು ಬರಲಿಲ್ಲ. ಹೆಸರು ಒಂದೇ, ನೆಲೆ ಬೇರೆ. ಆ ಹೆಸರಿಗೆ ಬರೆದ ಕಾಗದವು ಹಳೆಯ ಊರಿನ ದಾರಿ ಹಿಡಿಯದೆ ಹೊಸ ಊರಿಗೆ ಮುಟ್ಟಬೇಕಾದರೆ, ಆ ಹೆಸರು ಈಗ ಯಾವ ನೆಲೆಯನ್ನು ಸೂಚಿಸುತ್ತದೆ ಎಂಬದು ಟಪಾಲಿನವರಿಗೆ ತಿಳಿದಿರಬೇಕು. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ನಾನು ಇಲ್ಲಿ ಹೇಳಲಿರುವ ವಿಷಯವು ವಾಚಕರಿಗೆ ಕಠಿಣವೆನಿಸಲಾರದು.

ಅಂತರ್ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯೆಯೇ ನಿಜವಾದ ವಿಳಾಸ. ನಾಲ್ಕು ಅಂಕಿಗಳನ್ನು ಚುಕ್ಕೆಯಿಟ್ಟು ಜೋಡಿಸಿ ಬರೆಯುವ ಹಳೆಯ ಪದ್ಧತಿಯಲ್ಲಿಯೇ ಸುಮಾರು 430 ಕೋಟಿ ವಿಳಾಸಗಳಾಗುತ್ತವೆ. ಇಂಥ ಸಂಖ್ಯೆಗಳನ್ನು ಮನುಷ್ಯನು ನೆನಪಿಡುವದು ಸಾಧ್ಯವೆ? ಆದುದರಿಂದ ನಾವು ಹೆಸರನ್ನು ಬರೆಯುತ್ತೇವೆ. ಆ ಹೆಸರನ್ನು ಸಂಖ್ಯೆಗೆ ತಿರುಗಿಸಿ ಕೊಡುವ ವ್ಯವಸ್ಥೆಯೊಂದು ತೆರೆಯ ಹಿಂದೆ ದುಡಿಯುತ್ತದೆ. ಅದಕ್ಕೆ ಡಿ.ಎನ್.ಎಸ್. ಎಂದು ಹೆಸರು. ಮೊದಮೊದಲು ಅಮೇರಿಕೆಯ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಒಂದೇ ಒಂದು ಪಟ್ಟಿಯಿತ್ತು. ಹೊಸ ಯಂತ್ರ ಸೇರಿದರೆ ಅಲ್ಲಿಗೆ ತಿಳಿಸಬೇಕು. ಅವರು ಪಟ್ಟಿಯಲ್ಲಿ ಬರೆಯಬೇಕು. ಉಳಿದವರೆಲ್ಲ ಆ ಪಟ್ಟಿಯ ನಕಲು ತರಿಸಿಕೊಳ್ಳಬೇಕು. ಯಂತ್ರಗಳು ನೂರಾರು ಆದಾಗ ಈ ಕೆಲಸವು ಕೈಮೀರಿತು. ಆಗ, 1983 ರಲ್ಲಿ, ಪಾಲ್ ಮಾಕಪೆಟ್ರಿಸ್ ಎಂಬ ವಿಜ್ಞಾನಿಯು ಪಟ್ಟಿಯನ್ನು ಒಬ್ಬರ ಕೈಯಲ್ಲಿಡದೆ ಹಲವರಲ್ಲಿ ಹಂಚುವ ಉಪಾಯವನ್ನು ರೂಪಿಸಿದನು. 1987 ರಲ್ಲಿ ತಿದ್ದಿ ಪ್ರಕಟಿಸಿದ ಅದರ ನಿಯಮಗಳೇ ಇಂದಿಗೂ ಈ ವ್ಯವಸ್ಥೆಯ ಬುನಾದಿಯಾಗಿವೆ.

ಹಂಚುವದೆಂದರೆ ಹೇಗೆ? ನಮ್ಮ ಅಂಚೆಯ ಪಿನ್ ಸಂಖ್ಯೆಯನ್ನೇ ನೋಡಿರಿ. 1972 ರಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಜಮಖಂಡಿಗೆ 587301, ಮುಧೋಳಕ್ಕೆ 587313, ಬೀಳಗಿಗೆ 587116. ಮೊದಲಿನ 5 ನ್ನು ನೋಡಿದೊಡನೆ ಕಾಗದವು ದಕ್ಷಿಣದ ಈ ವಿಭಾಗಕ್ಕೆ ಬರುತ್ತದೆ. 587 ಎಂಬದನ್ನು ನೋಡಿ ಬಾಗಲಕೋಟೆಯ ಕಡೆಗೆ ಹೊರಳುತ್ತದೆ. ಉಳಿದ ಮೂರು ಅಂಕಿಗಳ ಚಿಂತೆ ದಿಲ್ಲಿಯವರಿಗೆ ಬೇಡ, ಅದನ್ನು ಇಲ್ಲಿಯವರೇ ನೋಡಿಕೊಳ್ಳುವರು. ಅಂತರ್ಜಾಲದ ಹೆಸರೂ ಹೀಗೆಯೇ. ಆದರೆ ಅದನ್ನು ಬಲದಿಂದ ಎಡಕ್ಕೆ ಓದಬೇಕು. 'ಕರ್ನಾಟಕ.ಗವ್.ಇನ್' ಎಂಬ ಹೆಸರಿನಲ್ಲಿ ಕೊನೆಯ 'ಇನ್' ಎಂಬದು ಭಾರತದ ಗುರುತು. ಎಲ್ಲಕ್ಕೂ ಮೇಲೆ, ಹದಿಮೂರು ಹೆಸರುಗಳಲ್ಲಿ ಜಗತ್ತಿನ ತುಂಬ ಹರಡಿಕೊಂಡಿರುವ ಬೇರಿನ ಸರ್ವರುಗಳಿವೆ. ಅವು "ನಮಗೆ ಕರ್ನಾಟಕ ಗೊತ್ತಿಲ್ಲ, ಇನ್ ಎಂಬುವರನ್ನು ಕೇಳಿರಿ" ಎನ್ನುತ್ತವೆ. ಅವರು ಗವ್ ಎಂಬುವರ ಕಡೆಗೆ ಬೆರಳು ತೋರುತ್ತಾರೆ. ಹೀಗೆ ಕೇಳುತ್ತ ಕೇಳುತ್ತ ನಿಜವಾದ ಸಂಖ್ಯೆ ದೊರೆಯುತ್ತದೆ. ಕನ್ನಡ ಲಿಪಿಯಲ್ಲಿಯೇ '.ಭಾರತ' ಎಂದು ಮುಗಿಯುವ ಹೆಸರುಗಳಿಗೂ ಈ ಮರದಲ್ಲಿ ಒಂದು ಕೊಂಬೆ ಇದೆಯೆಂಬದು ನಮಗೆಲ್ಲ ಸಂತೋಷದ ಸಂಗತಿ.

ಒಬ್ಬ ಒಡೆಯನ ಹೊಣೆಗೆ ಬಿಟ್ಟ ಹೆಸರುಗಳ ಭಾಗಕ್ಕೆ 'ಝೋನ್', ಎಂದರೆ ವಲಯ, ಎನ್ನುತ್ತಾರೆ. 1997 ರಲ್ಲಿ ವಿಜಾಪುರ ಜಿಲ್ಲೆಯಿಂದ ಬಾಗಲಕೋಟೆ ಬೇರೆಯಾದಂತೆ, ದೊಡ್ಡ ವಲಯದಿಂದ ಸಣ್ಣ ವಲಯವನ್ನು ಬೇರ್ಪಡಿಸಿ ಇನ್ನೊಬ್ಬರಿಗೆ ಒಪ್ಪಿಸಲೂ ಬರುತ್ತದೆ. ವಲಯವೆಂದರೆ ಒಂದು ದಫ್ತರು. ಅದರಲ್ಲಿ ಸಾಲು ಸಾಲಾಗಿ ದಾಖಲೆಗಳು. 'ಎ' ಎಂಬ ದಾಖಲೆಯು ಹೆಸರಿಗೆ ಸಂಖ್ಯೆಯನ್ನು ಹೇಳುತ್ತದೆ. 'ಎಂ.ಎಕ್ಸ್.' ಎಂಬದು ಆ ಹೆಸರಿಗೆ ಬಂದ ಇ-ಮೇಲನ್ನು ಯಾರ ಕೈಯಲ್ಲಿ ಕೊಡಬೇಕೆಂದು ಹೇಳುತ್ತದೆ. 'ಸಿ-ನೇಮ್' ಎಂಬದು ಅಡ್ಡ ಹೆಸರು; "ಇವನೂ ಅವನೂ ಒಬ್ಬನೇ" ಎಂದು ತಿಳಿಸುತ್ತದೆ. ಪ್ರತಿಯೊಂದು ದಾಖಲೆಗೂ ಒಂದು ಆಯುಷ್ಯವಿದೆ. ಅದನ್ನು ಸೆಕೆಂದುಗಳಲ್ಲಿ ಬರೆಯುತ್ತಾರೆ. 86400 ಎಂದು ಬರೆದರೆ, ಒಮ್ಮೆ ಉತ್ತರ ಪಡೆದವರು ಒಂದು ದಿನದವರೆಗೆ ಮತ್ತೆ ಕೇಳದೆ ಅದನ್ನೇ ನಂಬಿಕೊಂಡಿರಬಹುದು. 300 ಎಂದು ಬರೆದರೆ ಐದು ನಿಮಿಷ ಮಾತ್ರ. ಈ ಆಯುಷ್ಯದ ಮಹತ್ವವು ನನಗೆ ಪುಸ್ತಕದಿಂದ ತಿಳಿಯಲಿಲ್ಲ, ಪೆಟ್ಟು ತಿಂದು ತಿಳಿಯಿತು.

ರಬಕವಿ-ಬನಹಟ್ಟಿಯಲ್ಲಿ ನನ್ನ ಸೋದರಮಾವನದೊಂದು ಸಣ್ಣ ಸೀರೆಯ ವ್ಯಾಪಾರವಿದೆ. ಊರಿನ ಮಗ್ಗಗಳಿಂದ ಸೀರೆಗಳನ್ನು ಕೊಂಡು ಅಂತರ್ಜಾಲದ ಮೂಲಕ ಹೊರಗಿನವರಿಗೆ ಕಳಿಸುತ್ತಾನೆ. ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದ್ದರಿಂದ ಕಂಪ್ಯೂಟರಿನ ಕೆಲಸವೆಲ್ಲ ನನ್ನ ತಲೆಗೇ ಬಂದಿತು, ಬಿ.ಎ. ತರಗತಿಯಲ್ಲಿ ಇತಿಹಾಸವನ್ನೂ ಕನ್ನಡವನ್ನೂ ಓದುವವನಿಗೆ ಇದೆಲ್ಲಿಂದ ಬರಬೇಕು ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಪಂಚಮಿ ಹಬ್ಬ ಎಂಟು ದಿನವಿರುವಾಗ ಅಂಗಡಿಯ ತಾಣವನ್ನು ಹಳೆಯ ಯಂತ್ರದಿಂದ ಹೊಸ ಯಂತ್ರಕ್ಕೆ ಸಾಗಿಸಿದೆವು. ನಾನು ವಲಯದ ಪುಟವನ್ನು ತೆರೆದು ಹೊಸ ಸಂಖ್ಯೆಯನ್ನು ಕೈಯಿಂದಲೇ ಹೊಡೆದೆ. ಹೊಡೆಯುವಾಗ ಎರಡು ಅಂಕಿಗಳನ್ನು ಹಿಂದುಮುಂದು ಮಾಡಿದೆ. ಆಯುಷ್ಯವು 86400 ಎಂದೇ ಇತ್ತು. ಖರ್ಚು ಉಳಿಸುವ ಜಾಣತನದಿಂದ ಹಳೆಯ ಯಂತ್ರವನ್ನು ಅಂದೇ ನಿಲ್ಲಿಸಿಬಿಟ್ಟೆ.

ಸಂಜೆ ಮಾವನ ಫೋನು ಬಂದಿತು. "ಅಲ್ಲೋ ತಮ್ಮಾ, ಅಂಗಡಿ ಬಾಗಲಾ ತೆರದೈತಿ ಅಂತಿ, ಮತ್ತ ಮಂದಿ ಯಾಕ ಬರವಲ್ರು?" ಎಂದನು. ತಪ್ಪು ಕಂಡು ತಿದ್ದಲು ಒಂದೇ ನಿಮಿಷ ಹಿಡಿಯಿತು. ಆದರೆ ಅಷ್ಟರಲ್ಲಿ ತಪ್ಪು ಉತ್ತರವನ್ನು ಪಡೆದಿದ್ದ ಊರೂರ ಸರ್ವರುಗಳು ತಮ್ಮ ಒಂದು ದಿನದ ಆಯುಷ್ಯ ಮುಗಿಯುವವರೆಗೆ ಅದನ್ನೇ ಹೇಳುತ್ತ ಕುಳಿತವು. ತವರಿಗೆ ಬರುವ ಹೆಣ್ಣುಮಕ್ಕಳಿಗೆ ಸೀರೆ ಕೊಳ್ಳುವ ಆ ದಿನಗಳಲ್ಲಿ ಸುಮಾರು ಎರಡು ದಿನಗಳ ವ್ಯಾಪಾರ ಹೋಯಿತು. ಮಾವ ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಮನಸ್ಸು ಹಗುರಾಗುತ್ತಿತ್ತು.

ಈ ವಲಯವನ್ನು ನಾವು ಇಟ್ಟಿದ್ದು 'ಕ್ಲೌಡ್' ಎಂಬಲ್ಲಿ. ಹೆಸರು ಮೇಘವಾದರೂ ಅದು ಆಕಾಶದಲ್ಲಿಲ್ಲ. ದೊಡ್ಡ ಕಂಪನಿಗಳ ಯಂತ್ರಶಾಲೆಗಳಲ್ಲಿ ಜಾಗವನ್ನು ಬಾಡಿಗೆಗೆ ಹಿಡಿಯುವದು, ಅಷ್ಟೆ. ಮೊದಲು ವಲಯದ ದಫ್ತರನ್ನು ಇಟ್ಟುಕೊಳ್ಳಲು ಅನೇಕರು ಸ್ವಂತದ ಸರ್ವರ್ ನಡೆಸುತ್ತಿದ್ದರು. ಅಮೆಜಾನ್ ಕಂಪನಿಯು 2010 ರ ಡಿಸೆಂಬರದಲ್ಲಿ 'ರೂಟ್ 53' ಎಂಬ ಬಾಡಿಗೆಯ ಸೇವೆಯನ್ನು ಆರಂಭಿಸಿತು. ಡಿ.ಎನ್.ಎಸ್. ಪ್ರಶ್ನೋತ್ತರಗಳು ಯಂತ್ರದ 53 ನೆಯ ಬಾಗಿಲಿನಿಂದ ನಡೆಯುವದರಿಂದ ಆ ಹೆಸರು. ಗೂಗಲ್, ಮೈಕ್ರೋಸಾಫ್ಟ್, ಕ್ಲೌಡ್‌ಫ್ಲೇರ್ ಮೊದಲಾದವರಲ್ಲಿಯೂ ಇಂಥ ಸೇವೆಗಳಿವೆ. ಇವುಗಳ ವಿಶೇಷವೇನೆಂದರೆ, ದಾಖಲೆಗಳನ್ನು ಮನುಷ್ಯನೇ ಪುಟ ತೆರೆದು ಬದಲಿಸಬೇಕೆಂದಿಲ್ಲ. ಒಂದು ಪ್ರೋಗ್ರಾಮೂ ಬದಲಿಸಬಹುದು. ಸ್ವಯಂಚಾಲನೆಗೆ ದಾರಿ ತೆರೆದದ್ದು ಇಲ್ಲಿಯೇ.

ಅದರ ಕ್ರಮವು ಸರಳವಾಗಿದೆ. ವಲಯದಲ್ಲಿ ಏನೇನಿರಬೇಕೆಂಬದನ್ನು ಒಂದು ಕಡತದಲ್ಲಿ ಬರೆದಿಡುವದು. ಉಪಕರಣವು ಆ ಕಡತವನ್ನೂ ಕ್ಲೌಡಿನಲ್ಲಿ ಈಗ ಇರುವ ದಾಖಲೆಗಳನ್ನೂ ಹೋಲಿಸಿ ನೋಡುತ್ತದೆ. ಎಲ್ಲಿ ಅಂತರವಿದೆಯೋ ಅದರ ಯಾದಿಯನ್ನು, "ಇದನ್ನು ಸೇರಿಸುವೆನು, ಇದನ್ನು ಬದಲಿಸುವೆನು, ಇದನ್ನು ಅಳಿಸುವೆನು" ಎಂದು ಮೊದಲು ತೋರಿಸುತ್ತದೆ. ನಾವು ಒಪ್ಪಿದ ಮೇಲೆಯೇ ಜಾರಿಗೆ ತರುತ್ತದೆ. 2014 ರಲ್ಲಿ ಬಂದ 'ಟೆರಾಫಾರ್ಮ್', 2017 ರಲ್ಲಿ ಗಿಟ್‌ಹಬ್ ಸಂಸ್ಥೆಯು ಹೊರತಂದ 'ಆಕ್ಟೋಡಿಎನ್‌ಎಸ್', ಅದೇ ವರ್ಷ ಸ್ಟ್ಯಾಕ್ ಎಕ್ಸ್‌ಚೇಂಜ್‌ನವರು ಹೊರತಂದ 'ಡಿಎನ್‌ಎಸ್‌ಕಂಟ್ರೋಲ್' ಇವು ಇಂಥ ಉಪಕರಣಗಳು.

ಇದರಿಂದಾಗುವ ಲಾಭಗಳು ಮೂರು. ಒಂದನೆಯದು, ಕಡತವನ್ನು ಜಾರಿಗೆ ಮುನ್ನ ಇನ್ನೊಬ್ಬರಿಗೆ ತೋರಿಸಲು ಬರುತ್ತದೆ. ನಾಲ್ಕು ಕಣ್ಣುಗಳು ನೋಡಿದ ಅಂಕಿಯಲ್ಲಿ ತಪ್ಪು ಉಳಿಯುವದು ಅಪರೂಪ. ಎರಡನೆಯದು, ಯಾರು ಯಾವಾಗ ಏನನ್ನು ಬದಲಿಸಿದರೆಂಬ ಚರಿತ್ರೆ ಉಳಿಯುವದರಿಂದ ಹಿಂದಿನ ಸ್ಥಿತಿಗೆ ಮರಳುವದು ಸುಲಭ. ಮೂರನೆಯದು, ಒಂದೇ ಕಡತದಿಂದ ಇಬ್ಬರು ಸೇವಾದಾರರಲ್ಲಿ ವಲಯವನ್ನು ಇಡಬಹುದು. 2016 ರ ಅಕ್ಟೋಬರ 21 ರಂದು 'ಡೈನ್' ಎಂಬ ಡಿ.ಎನ್.ಎಸ್. ಕಂಪನಿಯ ಮೇಲೆ ಸುಳ್ಳು ಪ್ರಶ್ನೆಗಳ ಮಹಾಪೂರವನ್ನೇ ದುಷ್ಟರು ಹರಿಸಿದಾಗ, ಟ್ವಿಟರ್, ನೆಟ್‌ಫ್ಲಿಕ್ಸ್‌ಗಳಂಥ ತಾಣಗಳು ಅನೇಕರಿಗೆ ಸಿಕ್ಕದಾದವು. ಅವುಗಳ ಯಂತ್ರಗಳು ಸರಿಯಾಗಿಯೇ ಇದ್ದವು. ವಿಳಾಸ ಹೇಳುವವನ ಬಾಯಿ ಮಾತ್ರ ಕಟ್ಟಿತ್ತು. ಒಬ್ಬನನ್ನೇ ನಂಬಬಾರದೆಂಬ ಪಾಠವನ್ನು ಅಂದು ಎಲ್ಲರೂ ಕಲಿತರು.

ಹಾಗಾದರೆ ಯಂತ್ರದ ಕೈಗೆ ಎಲ್ಲವನ್ನೂ ಒಪ್ಪಿಸಿ ನಿಶ್ಚಿಂತರಾಗಬಹುದೆ? ಈ ಪ್ರಶ್ನೆಗೆ ಉತ್ತರವನ್ನು ನಮ್ಮ ಮಗ್ಗಗಳೇ ಹೇಳುತ್ತವೆ. ಫ್ರಾನ್ಸ್ ದೇಶದ ಜಕಾರ್ಡ್ ಎಂಬುವನು 1804 ರ ಸುಮಾರಿಗೆ ರೂಪಿಸಿದ ಸಾಧನದಲ್ಲಿ ರಟ್ಟಿನ ಮೇಲೆ ತೂತು ಕೊರೆದು ನಕ್ಷೆಯನ್ನು ಬರೆಯುತ್ತಾರೆ. ಮಗ್ಗವು ಆ ತೂತುಗಳಂತೆ ಹಾಸಿನ ಎಳೆಗಳನ್ನು ಎತ್ತುತ್ತದೆ, ಲಾಳಿ ಓಡುತ್ತದೆ, ಅಂಚಿನಲ್ಲಿ ಹೂ ಅರಳುತ್ತದೆ. ಸಾವಿರ ಸಲ ನೇಯ್ದರೂ ಹೂ ತಪ್ಪುವದಿಲ್ಲ. ಆದರೆ ರಟ್ಟಿನ ತೂತೇ ತಪ್ಪಿದ್ದರೆ? ಕೈಯಿಂದ ಎಳೆ ಎತ್ತುವವನು ಒಂದು ಸೀರೆಯನ್ನು ಕೆಡಿಸಿಯಾನು. ಮಗ್ಗವು ಅದೇ ತಪ್ಪನ್ನು ಅಷ್ಟೇ ನಿಷ್ಠೆಯಿಂದ ಎಲ್ಲ ಸೀರೆಗಳಲ್ಲಿಯೂ ನೇಯುತ್ತದೆ. ಅದಕ್ಕಾಗಿಯೇ ನನ್ನ ತಂದೆಯವರು ಹೊಸ ನಕ್ಷೆ ಏರಿಸಿದಾಗಲೆಲ್ಲ ಮೊದಲು ಗೇಣುದ್ದ ನೇಯ್ದು, ಮಗ್ಗ ನಿಲ್ಲಿಸಿ, ಬಟ್ಟೆಯ ಮೇಲೆ ಕೈಯಾಡಿಸಿ ನೋಡುತ್ತಾರೆ. ಉಪಕರಣವು ಮೊದಲು ಯಾದಿಯನ್ನು ತೋರಿಸಿ ಒಪ್ಪಿಗೆ ಕೇಳುವದೂ ಈ ಗೇಣುದ್ದದ ನೇಯ್ಗೆಯೇ.

ಈ ಮಾತು ಬರಿಯ ಹೋಲಿಕೆಯಲ್ಲವೆಂಬದಕ್ಕೆ 2025 ರ ಅಕ್ಟೋಬರ 20 ಸಾಕ್ಷಿ. ಅಂದು ನಮ್ಮಲ್ಲಿ ನರಕ ಚತುರ್ದಶಿ. ಮಧ್ಯಾಹ್ನ 12 ಗಂಟೆ 18 ನಿಮಿಷದ ಹೊತ್ತಿಗೆ ಅಮೇರಿಕೆಯ ಉತ್ತರ ವರ್ಜೀನಿಯಾದಲ್ಲಿರುವ ಅಮೆಜಾನ್ ಯಂತ್ರಶಾಲೆಗಳ 'ಡೈನಮೊ ಡಿ.ಬಿ.' ಎಂಬ ಮಾಹಿತಿಭಂಡಾರದ ಹೆಸರಿಗೆ ಸಂಖ್ಯೆಯೇ ಇಲ್ಲದಂತಾಯಿತು. ಲಕ್ಷಗಟ್ಟಲೆ ದಾಖಲೆಗಳನ್ನು ನೋಡಿಕೊಳ್ಳುವ ಆ ಸೇವೆಯಲ್ಲಿ ಕೆಲಸವೆಲ್ಲ ಸ್ವಯಂಚಾಲಿತ. ಒಂದು ಪ್ರೋಗ್ರಾಮು ಯೋಜನೆಯನ್ನು ಬರೆಯುತ್ತದೆ. ಬೇರೆ ಬೇರೆ ಕಡೆ ನಿಂತ ಮೂರು ಜಾರಿಗಾರ ಪ್ರೋಗ್ರಾಮುಗಳು ಅದನ್ನು ಅಮಲಿಗೆ ತರುತ್ತವೆ. ಅಂದು ಒಂದು ಜಾರಿಗಾರನು ಹಳೆಯ ಯೋಜನೆಯನ್ನು ಹಿಡಿದುಕೊಂಡು ತೀರ ತಡವಾಗಿ ನಡೆದಿತ್ತು. ಅಷ್ಟರಲ್ಲಿ ಇನ್ನೊಂದು ಹೊಸ ಯೋಜನೆಯನ್ನು ಜಾರಿ ಮಾಡಿ ಮುಗಿಸಿತು. ತಡವಾದದ್ದು ಬಂದು ಹೊಸದರ ಮೇಲೆ ಹಳೆಯದನ್ನು ಹೇರಿತು, "ನನ್ನದು ಹೊಸದೇ?" ಎಂದು ಅದು ನೋಡಿದ್ದು ಕೆಲಸದ ಆರಂಭದಲ್ಲಿ, ಆ ನೋಟ ಹಳಸಿಹೋಗಿತ್ತು. ಅದೇ ಕ್ಷಣಕ್ಕೆ ಎರಡನೆಯದು ಹಳೆಯ ಯೋಜನೆಗಳ ಕಸ ಗುಡಿಸತೊಡಗಿ, ಈಗಷ್ಟೇ ಜಾರಿಯಾದ ಆ ಹಳೆಯ ಯೋಜನೆಯನ್ನೂ ಅಳಿಸಿತು. ಅದರೊಡನೆ ಸಂಖ್ಯೆಗಳೆಲ್ಲ ಹೋದವು. ಇಬ್ಬರೂ ತಮ್ಮ ತಮ್ಮ ನಿಯಮದಂತೆಯೇ ನಡೆದಿದ್ದರು! ಕೊನೆಗೆ ಮನುಷ್ಯರೇ ಕೈಹಾಕಿ ಮಧ್ಯಾಹ್ನ 3 ಗಂಟೆಯ ಸುಮಾರಿಗೆ ದಾಖಲೆಯನ್ನು ಸರಿಪಡಿಸಿದರು. ಅದನ್ನು ನೆಚ್ಚಿಕೊಂಡ ಇತರ ಸೇವೆಗಳು ಚೇತರಿಸಿಕೊಳ್ಳಲು ಇನ್ನೂ ಅನೇಕ ತಾಸುಗಳು ಬೇಕಾದವು. ಸ್ನ್ಯಾಪ್‌ಚಾಟ್, ಸಿಗ್ನಲ್‌ಗಳಂಥ ಹೆಸರಾಂತ ಸೇವೆಗಳು ಅಂದು ತಡವರಿಸಿದವು.

ಆದುದರಿಂದ ಸ್ವಯಂಚಾಲನೆಯೊಡನೆ ಕೆಲವು ಕಟ್ಟುಪಾಡುಗಳು ಬೇಕು. ಒಂದು ವಲಯವನ್ನು ಒಂದು ಸಮಯಕ್ಕೆ ಒಬ್ಬರೇ ಬದಲಿಸಬೇಕು. ಕಡತವನ್ನು ಬಿಟ್ಟು ನಡುವೆ ಯಾರೂ ಕೈಯಿಂದ ತಿದ್ದಬಾರದು. ತಿದ್ದಿದರೆ ಮುಂದಿನ ಸಲ ಉಪಕರಣವು ಅದನ್ನು ತಪ್ಪೆಂದು ತಿಳಿದು ಹಿಂದಕ್ಕೆ ತಿರುಗಿಸುವದು. ಒಮ್ಮೆಲೆ ಬಹಳ ದಾಖಲೆಗಳು ಅಳಿಯುವಂತಿದ್ದರೆ ಉಪಕರಣವು ತಾನಾಗಿ ನಿಲ್ಲಬೇಕು; ಆಕ್ಟೋಡಿಎನ್‌ಎಸ್‌ನಲ್ಲಿ ನೂರಕ್ಕೆ 30 ಕ್ಕಿಂತ ಹೆಚ್ಚು ದಾಖಲೆಗಳು ಅಳಿಯಲಿದ್ದರೆ ಅದು ಮುಂದುವರಿಯದಂಥ ಏರ್ಪಾಟಿದೆ. ಪ್ರೋಗ್ರಾಮಿಗೆ ಕೊಟ್ಟ ಕೀಲಿಕೈಯು ಆ ಒಂದು ವಲಯವನ್ನು ಮಾತ್ರ ತೆರೆಯುವಂತಿರಬೇಕು. ನೆಲೆ ಬದಲಿಸುವ ಮುನ್ನ, ಹಳೆಯ ಆಯುಷ್ಯವು ತೀರುವಷ್ಟು ಮೊದಲೇ, ಅದನ್ನು 300 ಕ್ಕೆ ಇಳಿಸಬೇಕು. ಹಳೆಯ ಯಂತ್ರವನ್ನು ಒಂದೆರಡು ದಿನ ಉಳಿಸಿಕೊಳ್ಳಬೇಕು.

ಮಾವನ ಅಂಗಡಿಯ ವಲಯದಲ್ಲಿರುವದು ಹದಿನಾಲ್ಕೇ ದಾಖಲೆಗಳು. ಈಗ ಅವುಗಳನ್ನು ಕಡತದಲ್ಲಿ ಬರೆದಿಟ್ಟಿದ್ದೇನೆ. ಬದಲಾವಣೆಯಿದ್ದರೆ ಉಪಕರಣವು ತೋರಿಸಿದ ಯಾದಿಯನ್ನು ನಾನೊಬ್ಬನೇ ನೋಡುವದಿಲ್ಲ; ಮಾವನ ಮಗಳನ್ನು ಕೂಡಿಸಿಕೊಂಡು ಅಂಕಿಗಳನ್ನು ಗಟ್ಟಿಯಾಗಿ ಓದಿಸುತ್ತೇನೆ. ಅವಳಿನ್ನೂ ಹತ್ತನೆಯ ತರಗತಿ. ಕಳೆದ ಸಲ ಅವಳು ನನ್ನದೊಂದು ತಪ್ಪನ್ನು ಹಿಡಿದಳು. ಮಗ್ಗವು ನೇಯಲಿ, ಗೇಣುದ್ದ ನೇಯ್ದ ಮೇಲೆ ಕೈಯಾಡಿಸಿ ನೋಡುವವರು ಮಾತ್ರ ನಾವೇ ಆಗಿರಬೇಕು.